ಸಂದೇಹವೇ ಕಸುಬಾದ ಸೆಲ್ವಪುರದ ತಂಗಮಣಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕೊಯಮತ್ತೂರಿನ ಉಕ್ಕಡಂನ ಸಗಟು ಮೀನು ಮಾರುಕಟ್ಟೆಯಲ್ಲಿ ಲಾರಿಗಳಿಂದ ಥರ್ಮಕೋಲ್ ಪೆಟ್ಟಿಗೆಗಳು ಇಳಿಯುತ್ತಿವೆ. ನೆಲದ ತುಂಬ ಐಸ್ ಕರಗಿದ ನೀರು. ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಖಾಲಿ ಚೀಲ ಹಿಡಿದು ನಿಂತ ಐವತ್ತು ದಾಟಿದ ಹೆಂಗಸೊಬ್ಬರು ಮೀನಿನ ಬೆಲೆ ಕೇಳುತ್ತಿಲ್ಲ. ಇಂಥ ಪೆಟ್ಟಿಗೆಯಲ್ಲಿ ಮೀನಿನ ಕೆಳಗೆ ಬೇರೇನಾದರೂ ಇಟ್ಟು ಸಾಗಿಸಿದರೆ ದಾರಿಯಲ್ಲಿ ಯಾರಾದರೂ ಬಿಚ್ಚಿ ನೋಡುತ್ತಾರೆಯೇ ಎಂದು ತಮಿಳಿನಲ್ಲಿ ವಿಚಾರಿಸುತ್ತಿದ್ದಾರೆ.

ವ್ಯಾಪಾರಿಯ ಕೈ ಅಲ್ಲೇ ನಿಲ್ಲುತ್ತದೆ. ಅವರನ್ನೊಮ್ಮೆ, ಪಕ್ಕದಲ್ಲಿ ಕ್ಯಾಮೆರಾ ತೂಗುಹಾಕಿಕೊಂಡು ನಿಂತ ನನ್ನನ್ನೊಮ್ಮೆ ನೋಡುತ್ತಾನೆ. ತಪಾಸಣೆಗೆ ಬಂದವರಾ ಎಂದು ಕೇಳುತ್ತಾನೆ. ಅಲ್ಲ, ನಾನು ಕಥೆ ಬರೆಯುವವಳು ಎಂದು ಆ ಹೆಂಗಸು ಹೇಳಿದರೆ ಅವನ ಅನುಮಾನ ಇನ್ನಷ್ಟು ಹೆಚ್ಚುತ್ತದೆ. ಕೊನೆಗೆ ಅವನನ್ನು ಸಮಾಧಾನ ಮಾಡಲೆಂದೇ ಅರ್ಧ ಕಿಲೋ ಮತ್ತಿ ಮೀನು ಕೊಂಡು ನಾವು ಹೊರಗೆ ಬರುತ್ತೇವೆ.

"ಬೇರೇನಾದ್ರೂ ಅಂದದ್ದಕ್ಕೆ ಅವನು ಹೆಣ ಅಂತ ನೆನೆಸಿಬಿಟ್ಟ. ನಾನು ಒಡವೆ ಅಂತ ನೆನೆಸಿದ್ದು," ಎಂದು ಅವರು ನಗದೆ ಹೇಳುತ್ತಾರೆ. ಒಂದೆರಡು ಹೆಜ್ಜೆಯಾದ ಮೇಲೆ ಒಂದು ಮಾತು ಸೇರಿಸುತ್ತಾರೆ: "ಹೆಣಾನೂ ಪರವಾಯಿಲ್ಲ."

ಇವರು ತಂಗಮಣಿ. ಕೊಯಮತ್ತೂರಿನ ಸೆಲ್ವಪುರದ ಹಿಂಬದಿಯ ಬೀದಿಯೊಂದರಲ್ಲಿ ಇವರ ಮನೆ. ನೇಯ್ಗೆಯವರ ಬೀದಿ ಅದು. ಎಷ್ಟೋ ತಲೆಮಾರುಗಳ ಹಿಂದೆ ಮೈಸೂರು ಸೀಮೆಯಿಂದ ಇಳಿದು ಬಂದ ಕುಟುಂಬಗಳು ಇಲ್ಲಿ ಹೊಸಿಲೊಳಗೆ ಕನ್ನಡ, ಹೊಸಿಲಾಚೆ ತಮಿಳು ಆಡಿಕೊಂಡು ಬದುಕುತ್ತಿವೆ. ತಂಗಮಣಿಯವರಿಗೆ ಕನ್ನಡದ ಅಕ್ಷರ ಬಾರದು. ಅವರ ನೂರಕ್ಕೂ ಮಿಕ್ಕಿದ ಪತ್ತೇದಾರಿ ಪ್ರೇಮಕಥೆಗಳೆಲ್ಲ ತಮಿಳಿನಲ್ಲಿವೆ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಪಾನ್ ಮಸಾಲೆಯ ಸರಗಳ ಪಕ್ಕ ಕ್ಲಿಪ್ಪಿಗೆ ನೇತುಹಾಕಿರುತ್ತಿದ್ದ ಆ ಪುಟ್ಟ ಪುಸ್ತಕಗಳನ್ನು ಕೊಂಡವರು ಸಾವಿರಾರು ಮಂದಿ. ಬರೆದವರು ಯಾರೆಂದು ತಿಳಿದವರು ಬಹಳ ಕಡಿಮೆ.

ನನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಮೊದಲು ಅವರು ನನ್ನ ಬಗ್ಗೆಯೂ ತನಿಖೆ ಮಾಡಿದ್ದರು. ಪತ್ರಿಕೆಯ ಕಚೇರಿಗೆ ಫೋನ್ ಮಾಡಿ ಇಂಥ ಹೆಸರಿನವನು ನಿಜವಾಗಿಯೂ ಇದ್ದಾನೆಯೇ, ನೋಡಲು ಹೇಗಿದ್ದಾನೆ, ಕನ್ನಡಕ ಹಾಕುತ್ತಾನೆಯೇ ಎಂದು ಕೇಳಿದ್ದರಂತೆ. ಬಾಗಿಲಲ್ಲಿ ನಿಲ್ಲಿಸಿಕೊಂಡು ಅದನ್ನೇ ತಿರುಗಿಸಿ ನನ್ನ ಸಂಪಾದಕರು ನೋಡಲು ಹೇಗಿದ್ದಾರೆಂದು ನನ್ನನ್ನು ಕೇಳಿದರು. "ಫೋನಲ್ಲಿ ಯಾರು ಬೇಕಾದ್ರೂ ಪೇಪರ್‌ನೋರು ಆಗ್ಬೋದು, ಸಾರ್. ನಾನೇ ನನ್ನ ಕದೇಲಿ ಎಷ್ಟು ಜನರನ್ನ ಹಾಗೆ ಒಳಗೆ ಬಿಟ್ಟಿದ್ದೀನಿ," ಎಂಬುದು ಅವರ ಸಮಜಾಯಿಷಿ. ಕಥೆಗೆ ಅವರು 'ಕದೆ' ಎನ್ನುತ್ತಾರೆ, ಸಂದೇಹಕ್ಕೆ 'ಸಂದೇಗ'.

ಶಾಲೆ ಮುಗಿಸಿದ ಮೇಲೆ ಅವರು ಕೆಲಸಕ್ಕೆ ಸೇರಿದ್ದು ಬಾಲಸುಬ್ರಮಣಿಯನ್ ಎಂಬವರ ಸಣ್ಣ ಮುದ್ರಣಾಲಯಕ್ಕೆ. ಕರಡು ತಿದ್ದುವ ಕೆಲಸ. ಆ ಮುದ್ರಣಾಲಯ ತಿಂಗಳಿಗೊಂದು ಪತ್ತೇದಾರಿ ಕಾದಂಬರಿ ಹೊರತರುತ್ತಿತ್ತು. ಒಂದು ತಿಂಗಳು ಮುಖಪುಟ ಅಚ್ಚಾಗಿ ಕೂತಿದೆ, ಬರೆಯುತ್ತಿದ್ದವರು ಕಾಯಿಲೆ ಬಿದ್ದಿದ್ದಾರೆ, ಕೊನೆಯ ಅಧ್ಯಾಯಗಳೇ ಇಲ್ಲ. ಅಲ್ಲಿಯವರೆಗಿನ ಕರಡು ತಿದ್ದಿದ್ದ ಹುಡುಗಿ, ಕೊಲೆ ಮಾಡಿದವರು ಯಾರೆಂದು ತನಗೆ ಅನ್ನಿಸುತ್ತದೆ ಎಂದಳು. ಹಾಗಾದರೆ ನೀನೇ ಬರೆ ಎಂದರು ಮಾಲೀಕರು. ಓದುಗರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಹಾಗೆ ಹುಟ್ಟಿದವನು 'ನೊಯ್ಯಲ್ ನಂದನ್'. ಹೆಣ್ಣಿನ ಹೆಸರಿನಲ್ಲಿ ಕೊಲೆ ಮಾರಾಟವಾಗುವುದಿಲ್ಲ ಎಂದು ಬಾಲಸುಬ್ರಮಣಿಯನ್ ಊರಿನ ಹೊಳೆಯ ಹೆಸರು ಸೇರಿಸಿ ಇಟ್ಟ ಗಂಡು ಹೆಸರದು. ಹೆಸರು ಮುದ್ರಣಾಲಯದ್ದು, ಬರವಣಿಗೆ ತಂಗಮಣಿಯವರದು.

ಮದುವೆಯಾದದ್ದು ಲೋಗನಾಥನ್ ಅವರನ್ನು. ರೇಷ್ಮೆ ಮತ್ತು ಹತ್ತಿ ಬೆರೆತ ಕೋರಾ ಸೀರೆ ನೇಯುವ ಕೈ ಅವರದು. ಮುಂಗೋಣೆಯಲ್ಲಿ ಈಗಲೂ ನೆಲದ ಗುಂಡಿಗೆ ಕಾಲಿಳಿಸಿ ನೇಯುವ ಕುಣಿಮಗ್ಗ ಇದೆ. ಬೀದಿಯಲ್ಲಿ ಉಳಿದಿರುವ ಕೆಲವೇ ಮಗ್ಗಗಳಲ್ಲಿ ಅದೂ ಒಂದು. ಮದುವೆಯಾದ ಹೊಸದರಲ್ಲಿ ಅತ್ತೆ ಜಾನಮ್ಮನವರಿಗೆ ಸೊಸೆಯ ಮೇಲೆ ದೊಡ್ಡ ಗುಮಾನಿ ಹುಟ್ಟಿತ್ತು. ಯಾರೋ ನಂದನ್ ಎಂಬ ಗಂಡಸಿನ ಹೆಸರಿಗೆ, ತಮ್ಮ ಸೊಸೆಯ ವಿಳಾಸಕ್ಕೆ, ಪತ್ರಗಳು ಬರುತ್ತಿದ್ದವು. ಅಭಿಮಾನಿಗಳ ಪತ್ರಗಳವು. ಓದು ಬಾರದ ಜಾನಮ್ಮ ಅವನ್ನೆಲ್ಲ ಅಕ್ಕಿ ಡಬ್ಬದ ಹಿಂದೆ ಕೂಡಿಟ್ಟು, ಒಂದು ದಿನ ಮಗನ ಮುಂದೆ ಸುರಿದರು. ನಂದನ್ ಎಂದರೆ ಇವಳೇ ಎಂದು ಮಗ ವಿವರಿಸಿದ ಮೇಲೂ ಆ ಮುದುಕಿ ಬಹಳ ಕಾಲ ನಂಬಲಿಲ್ಲವಂತೆ.

ದಿನಚರಿ ಹೆಚ್ಚು ಬದಲಾಗಿಲ್ಲ. ನಲ್ಲಿಯಲ್ಲಿ ನೀರು ಬರುವ ಮೊದಲು ಎದ್ದು, ಅಡುಗೆಮನೆಯ ಕಿಟಕಿಯ ಕೆಳಗೆ ಕೂತು ಹಲಗೆಯ ಮೇಲೆ ಹಾಳೆ ಇಟ್ಟು ಬರೆಯುತ್ತಾರೆ. ಆಮೇಲೆ ಗಂಡನ ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಾರೆ. ರಾಟೆ ತಿರುಗುವಾಗ ಮುಂದಿನ ಅಧ್ಯಾಯ ತಲೆಯಲ್ಲಿ ಓಡುತ್ತಿರುತ್ತದೆ. ಅವರ ಕಥೆಗಳಲ್ಲಿ ಪ್ರೀತಿ ಇದ್ದೇ ಇರುತ್ತದೆ. "ಲವ್ ಇರಬೇಕು, ಸಾರ್. ಆದ್ರೆ ಲವ್ ಮಾಡ್ತಾ ಇರೋನ ಮೇಲೇ ಒಂದು ಸಂದೇಗ ಬರಬೇಕು. ಇವನನ್ನ ನಂಬಬಹುದಾ ಇಲ್ವಾ ಅಂತ ಕೊನೆವರೆಗೂ ಆ ಹುಡುಗಿಗೆ ತಿಳೀಬಾರ್ದು. ಓದೋರೆಲ್ಲ ಹೆಂಗಸರು. ಅವರಿಗೆ ಆ ಬಯ ಗೊತ್ತು."

ಆ ಭಯ ಎದುರುಮನೆಯಲ್ಲೇ ಇತ್ತು. ಆರೇಳು ವರ್ಷಗಳ ಹಿಂದಿನ ಮಾತು. ಆ ಮನೆಗೆ ಮದುವೆಯಾಗಿ ಬಂದವಳು ಇಲಕ್ಕಿಯಾ. ಇದು ಅವಳ ನಿಜವಾದ ಹೆಸರಲ್ಲ. ಅವಳ ಗಂಡನನ್ನೂ ಇಲ್ಲಿ ಕಾರ್ತಿ ಎಂದು ಕರೆಯುತ್ತೇನೆ. ಪಂಪ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಇಲಕ್ಕಿಯಾ ಮಧ್ಯಾಹ್ನ ಬಂದು ಪುಸ್ತಕ ಕೇಳಿ ಒಯ್ಯುತ್ತಿದ್ದಳು, ಓದಿ ಸೆರಗಿನಲ್ಲಿ ಮುಚ್ಚಿಕೊಂಡು ತಂದು ಕೊಡುತ್ತಿದ್ದಳು. ಅವಳ ಮುಂಗೈ ಮೇಲಿನ ಕಲೆಗಳನ್ನು ತಂಗಮಣಿ ಗಮನಿಸಿದ್ದರು. ಕೇಳಿದಾಗಲೆಲ್ಲ ಬಚ್ಚಲಲ್ಲಿ ಜಾರಿದೆ ಎಂಬ ಉತ್ತರ ಬರುತ್ತಿತ್ತು. ಒಮ್ಮೆ ತವರಿನವರು ಅವಳನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗಿದ್ದೂ ಉಂಟು. ಅಲ್ಲಿ ಇಬ್ಬರಿಗೂ ಬುದ್ಧಿ ಹೇಳಿ, ಅದೇ ಗಂಡನ ಬೈಕಿನ ಹಿಂದೆ ಕೂರಿಸಿ ಕಳಿಸಿದರು.

ಒಂದು ದಿನ ಇಲಕ್ಕಿಯಾ ಕಾಣಲಿಲ್ಲ. ಯಾರ ಜೊತೆಗೋ ಓಡಿಹೋದಳು ಎಂದು ಕಾರ್ತಿ ಬೀದಿಗೆಲ್ಲ ಹೇಳಿದ. ಮರ್ಯಾದೆಯ ಪ್ರಶ್ನೆ ಎಂದು ಠಾಣೆಗೆ ದೂರು ಮಾತ್ರ ಕೊಡಲಿಲ್ಲ. ಬೀದಿ ಒಪ್ಪಿಕೊಂಡಿತು. ತಂಗಮಣಿ ಒಪ್ಪಿಕೊಳ್ಳಲಿಲ್ಲ. ಇಲಕ್ಕಿಯಾಳ ಚಪ್ಪಲಿ ಬಾಗಿಲ ಬಳಿಯೇ ಬಿದ್ದಿತ್ತು. ಅವಳಿಗಿದ್ದದ್ದು ಅದೊಂದೇ ಜೊತೆ. ಓಡಿಹೋಗುವವಳು ಬರಿಗಾಲಲ್ಲಿ ಹೋಗುತ್ತಾಳೆಯೇ? ಅದೇ ವಾರ ಕಾರ್ತಿ ಬಚ್ಚಲಿನ ನೆಲ ಅಗೆದು ಹೊಸ ಸಿಮೆಂಟು ಹಾಕಿಸಿದ್ದ. ಗಾರೆಯವನನ್ನು ಬೀದಿಯ ತುದಿಯಲ್ಲಿ ತಡೆದು ಕೇಳಿದರೆ, ಪೈಪು ಒಡೆದಿತ್ತು ಎಂದ. ಅಗೆದದ್ದು ಯಾರು ಎಂದು ಕೇಳಿದ್ದಕ್ಕೆ, ನಾನು ಬರುವ ಹೊತ್ತಿಗೆ ಅವರೇ ಅಗೆದಿಟ್ಟಿದ್ದರು ಎಂದ.

ಲೋಗನಾಥನ್ ಬೇಡವೆಂದರು. ಕಥೆ ಬೇರೆ, ಬೀದಿ ಬೇರೆ ಎಂದರು. ತಂಗಮಣಿ ಆ ಬಚ್ಚಲನ್ನೇ ನೆನೆದುಕೊಂಡು ಊಟ ಬಿಟ್ಟರು. ಕೊನೆಗೆ ಒಬ್ಬರೇ ಠಾಣೆಗೆ ಹೋಗಿ ದೂರು ಬರೆದುಕೊಟ್ಟರು.

ಪೊಲೀಸರು ಬಂದು ನೆಲ ಒಡೆಸಿದರು. ಅಕ್ಕಪಕ್ಕದ ತಾರಸಿಗಳ ಮೇಲೆಲ್ಲ ಜನ. ಹೊಸ ಸಿಮೆಂಟಿನ ಕೆಳಗೆ ಸಿಕ್ಕಿದ್ದು ಒದ್ದೆ ಮಣ್ಣು ಮತ್ತು ಒಡೆದ ಪೈಪಿನ ಒಂದು ತುಂಡು. ಕಾರ್ತಿ ಕೈಕಟ್ಟಿಕೊಂಡು ನಿಂತಿದ್ದ. ಕಥೆ ಬರೆಯುವವರು ನೀವೇನಾ ಎಂದು ಇನ್ಸ್‌ಪೆಕ್ಟರ್ ತಂಗಮಣಿಯವರನ್ನು ಎಲ್ಲರೆದುರು ಕೇಳಿದರು. ತಾರಸಿಗಳ ಮೇಲಿಂದ ನಗು ಕೇಳಿತು. ಮರುದಿನ ತಮಿಳು ಪತ್ರಿಕೆಯೊಂದರ ಒಳಪುಟದಲ್ಲಿ ಸುದ್ದಿಯೂ ಬಂತು. ಅದಕ್ಕಿಂತ ಹೆಚ್ಚಿನದೊಂದು ಸಂಗತಿ ಆಗ ಯಾರ ಗಮನಕ್ಕೂ ಬರಲಿಲ್ಲ. ತಂಗಮಣಿಯವರ ದೂರಿನಿಂದಾಗಿ ಇಲಕ್ಕಿಯಾ ಕಾಣೆಯಾದ ಪ್ರಕರಣ ದಾಖಲಾಗಿತ್ತು. ಹೆಣ ಇಲ್ಲವೆಂದ ಮೇಲೆ ಜೀವಂತ ಇರುವವಳನ್ನು ಹುಡುಕುತ್ತೇವೆ ಎಂದು ಇನ್ಸ್‌ಪೆಕ್ಟರ್ ಹೇಳಿ ಹೋಗಿದ್ದರು.

ಎರಡು ದಿನದ ಮೇಲೆ ಮಧ್ಯಾಹ್ನ, ರಾಟೆಯ ಮುಂದೆ ಕೂತಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕಾ, ನಾನು ಇಲಕ್ಕಿಯಾ. ಚೆನ್ನಾಗಿದ್ದೀನಿ. ನನ್ನ ಹುಡುಕಬೇಡಿ."

ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು. ತಿರುಪ್ಪೂರಿನಲ್ಲಿದ್ದಾಳೆಂದು ತಿಳಿದದ್ದು ಆಮೇಲೆ, ಅದೇ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡಿ ಕೇಳಿದಾಗ. ಬನಿಯನ್ ಹೊಲಿಯುವ ಘಟಕವೊಂದರಲ್ಲಿ ಬೇರೆ ಹೆಸರಿನಲ್ಲಿ ಕೆಲಸಕ್ಕೆ ಸೇರಿದ್ದಳು. ಒಡಿಶಾ, ಬಿಹಾರದಿಂದ ಬಂದ ಸಾವಿರಾರು ಜನರ ನಡುವೆ ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಸಹೋದ್ಯೋಗಿಯೊಬ್ಬಳ ಫೋನಿನಲ್ಲಿ ನೆಲ ಅಗೆದ ಸುದ್ದಿ ನೋಡಿ ಅವಳಿಗೆ ಜೀವ ಹಾರಿಹೋಗಿತ್ತು. ಪೊಲೀಸರು ಹುಡುಕಿದರೆ ಸಿಕ್ಕಿಬೀಳುತ್ತೇನೆ, ಮತ್ತೆ ಅದೇ ಬೈಕಿನ ಹಿಂದೆ ಕೂರಿಸುತ್ತಾರೆ ಎಂದಳು. ಯಾರಿಗೂ ಹೇಳಬಾರದು, ಲೋಗನಾಥಣ್ಣನಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡಳು.

ತಂಗಮಣಿ ಮಾತು ಕೊಟ್ಟರು. ಆದರೆ ನಂಬಲಿಲ್ಲ. ದನಿ ಅವಳದೇ, ನಿಜ. ಪಕ್ಕದಲ್ಲಿ ಕೂತು ಯಾರೋ ಹೇಳಿಸುತ್ತಿದ್ದರೆ? ದೂರು ವಾಪಸು ತೆಗೆಸಲು ಕಾರ್ತಿಯೇ ಮಾಡಿಸಿದ ಕರೆಯಾಗಿದ್ದರೆ? ಕಣ್ಣಾರೆ ನೋಡಿಯೇ ತೀರಬೇಕೆಂದು, ಬಾಲಸುಬ್ರಮಣಿಯನ್ ಅವರ ಮುದ್ರಣಾಲಯಕ್ಕೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಹೇಳಿ, ಸಿಂಗಾನಲ್ಲೂರಿನಲ್ಲಿ ತಿರುಪ್ಪೂರಿನ ಬಸ್ಸು ಹತ್ತಿದರು.

ಊಟದ ಹೊತ್ತಿಗೆ ಘಟಕದ ಗೇಟಿನಿಂದ ಹೊರಬಂದ ಹೆಂಗಸರ ಗುಂಪಿನಲ್ಲಿ ಮುಖಕ್ಕೆ ದುಪಟ್ಟಾ ಸುತ್ತಿದ್ದ ಒಬ್ಬಳು ನಿಂತಳು. ಕೂದಲಿಗೆಲ್ಲ ಹತ್ತಿಯ ನಯವಾದ ಧೂಳು. ಚಹಾದ ಅಂಗಡಿಯ ಹಿಂದಿನ ಕಲ್ಲಿನ ಮೇಲೆ ಇಬ್ಬರೂ ಕೂತರು. ಯಾರಾದರೂ ಜೊತೆಗಿದ್ದಾರೆಯೇ ಎಂದು ತಂಗಮಣಿ ಮೊದಲು ಸುತ್ತ ನೋಡಿದರು. ಯಾರ ಜೊತೆ ಬಂದೆ ಎಂದೂ ಕೇಳಿದರು. ಯಾರೂ ಇಲ್ಲ, ಒಬ್ಬಳೇ ಎಂದಳು ಹುಡುಗಿ. ಚಪ್ಪಲಿ ಯಾಕೆ ಬಿಟ್ಟು ಬಂದೆ ಎಂದಾಗ ಇಲಕ್ಕಿಯಾ ಅವರ ಮುಖವನ್ನೇ ನೋಡಿದಳು.

"ನೀವು ಬರೆದದ್ದೇ ಅಲ್ವಾಕ್ಕಾ? ಚಪ್ಪಲಿ ಬಾಗಿಲಲ್ಲಿದ್ರೆ ಮನೇಲೇ ಇದ್ದಾಳೆ ಅಂತ ನೆನೆಸ್ತಾರೆ, ಹುಡುಕೋಕೆ ಹೊತ್ತಾಗುತ್ತೆ ಅಂತ. ಹುಡುಕೋರು ದೂರ ಹೋಗ್ತಾರೆ, ಪಕ್ಕದ ಊರಲ್ಲಿ ನೋಡಲ್ಲ ಅಂತಾನೂ ಬರೆದಿದ್ರಿ."

ಬರೆದದ್ದು ನಿಜ. ಹತ್ತಾರು ವರ್ಷ ಹಿಂದಿನ, ಬರೆದ ತಂಗಮಣಿಯವರೇ ಮರೆತುಬಿಟ್ಟಿದ್ದ ಕಾದಂಬರಿ ಅದು. "ನನ್ನ ಕದೇನೇ ನನ್ನೆದುರು ಬಿದ್ದಿತ್ತು, ಗುರುತು ಸಿಗಲಿಲ್ಲ ನೋಡಿ. ನಾನು ಹೆಣ ಹುಡುಕ್ತಾ ಇದ್ದೆ. ಅವಳು ಬದುಕೋಕೆ ಹೋಗಿದ್ಲು," ಎಂದು ಹೇಳುವಾಗ ಇಂದಿಗೂ ಅವರ ದನಿ ತಗ್ಗುತ್ತದೆ.

ಹಿಂದಿರುಗಿದವರೇ ದೂರು ವಾಪಸು ಪಡೆದರು. ಠಾಣೆಯವರಿಗೆ ಬೇಕಾದದ್ದೂ ಅದೇ. ಆದರೆ ಬೀದಿ ಬಿಡಲಿಲ್ಲ. ಒಂದು ಭಾನುವಾರ ಬೆಳಗ್ಗೆ ಸಮುದಾಯದ ಕಟ್ಟಡದಲ್ಲಿ ಹಿರಿಯರು ಸೇರಿದರು. ಹಿಂದಿನ ವಾರ ಕೊಲೆಗಾರನೆಂದು ತಾವೇ ಬೆರಳು ತೋರಿಸಿದವನ ಮುಂದೆ ತಂಗಮಣಿ ನಿಂತರು.

"ಕದೆ ಬರೆದು ಬರೆದು ನನ್ನ ಬುದ್ಧಿ ಕೆಟ್ಟೋಯ್ತು, ತಂಬಿ. ನಿನ್ನ ಮೇಲೆ ತಪ್ಪಾಗಿ ಸಂದೇಗಪಟ್ಟೆ. ಮನ್ನಿಸಿಬಿಡು."

ಅವನ ಕೈಗಳನ್ನೇ ನೋಡುತ್ತ ಆ ಮಾತು ಹೇಳಿದೆ ಎನ್ನುತ್ತಾರೆ ಅವರು. ಆ ಕೈಗಳು ಏನು ಮಾಡಿದ್ದವೆಂದು ತಿರುಪ್ಪೂರಿನ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಕೇಳಿ ಬಂದಿದ್ದರು. ಆದರೆ ಕಾರ್ತಿಗೆ ಕ್ಷಮೆ ಸಾಕಾಗಲಿಲ್ಲ. ಅವನಿಗೂ ಅನುಮಾನ ಹುಟ್ಟಿತು. ಮೊನ್ನೆವರೆಗೂ ಪಟ್ಟು ಹಿಡಿದಿದ್ದವರು ಇಷ್ಟು ಬೇಗ ಬಗ್ಗಿದ್ದು ಯಾಕೆ, ಇವರಿಗೆ ಏನೋ ಗೊತ್ತಾಗಿದೆ ಎಂದು ಹಿರಿಯರೆದುರು ಹೇಳಿದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಲೋಗನಾಥನ್ ಎದ್ದು ನಿಂತರು. ಹೊರಗೆ ಬಾಯಿ ಬಿಡದ ಮನುಷ್ಯ. ನಾನೇ ಹೊಡೆದೆ, ಅದಕ್ಕೇ ದಾರಿಗೆ ಬಂದಳು ಎಂದುಬಿಟ್ಟರು. ಹೆಂಡತಿಯ ಮೇಲೆ ಎಂದೂ ಕೈ ಎತ್ತಿದವರಲ್ಲ. ಕಾರ್ತಿಗೆ ಆ ಉತ್ತರ ಒಪ್ಪಿಗೆಯಾಯಿತು. ಹಿರಿಯರಿಗೂ ಒಪ್ಪಿಗೆಯಾಯಿತು. ಇನ್ನು ಮುಂದೆ ಈ ಹೆಂಗಸು ಕಥೆ ಬರೆಯಕೂಡದು ಎಂಬ ತೀರ್ಮಾನದೊಂದಿಗೆ ಸಭೆ ಮುಗಿಯಿತು.

ಅವರು ಬರೆಯುವುದನ್ನು ಬಿಟ್ಟರು. ಬಾಲಸುಬ್ರಮಣಿಯನ್ ಕೆಲವು ತಿಂಗಳು ಕಾದು, ನೊಯ್ಯಲ್ ನಂದನ್ ಎಂಬ ಹೆಸರನ್ನು ಬೇರೊಬ್ಬರಿಗೆ ಕೊಟ್ಟರು. ಬಸ್ ನಿಲ್ದಾಣದ ಅಂಗಡಿಯಲ್ಲಿ ಆ ಹೆಸರಿನ ಹೊಸ ಪುಸ್ತಕ ನೇತಾಡುವುದನ್ನು ಕಂಡ ದಿನ ತಂಗಮಣಿ ಅದನ್ನು ಕೊಂಡು ತಂದು ಓದಿದರು. ಎರಡನೇ ಅಧ್ಯಾಯಕ್ಕೇ ಕೊಲೆಗಾರ ಯಾರೆಂದು ತಿಳಿದುಹೋಯಿತಂತೆ. "ಅಳು ಬಂದದ್ದು ಹೆಸರು ಹೋಯ್ತು ಅಂತಲ್ಲ. ಆ ಬರೆದೋನು ಕದೇಲಿ ಬರೋ ಹುಡುಗೀನ ಸುಮ್ಮಾ ಸಾಯಿಸಿಬಿಟ್ಟಿದ್ದ," ಎನ್ನುತ್ತಾರೆ.

ಬೀದಿಯಲ್ಲಿ ಮಕ್ಕಳೂ ಅವರನ್ನು 'ಸಿಐಡಿ ಅಕ್ಕಾ' ಎಂದು ಕೂಗುತ್ತಿದ್ದರು. ಇಲಕ್ಕಿಯಾ ಈ ನಡುವೆ ತಿರುಪ್ಪೂರಿನಲ್ಲಿ ಗಟ್ಟಿಯಾಗಿ ಕಾಲೂರಿದಳು. ಅಲ್ಲಿಯ ವಕೀಲೆ ಸುಗನ್ಯಾ ಎಂಬವರ ನೆರವಿನಿಂದ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ಸಾಕ್ಷಿ ಹೇಳಲು ತಂಗಮಣಿಯವರಿಗೆ ನ್ಯಾಯಾಲಯದಿಂದ ಕರೆ ಬಂದಾಗ ಮುಚ್ಚಿಟ್ಟದ್ದೆಲ್ಲ ಹೊರಬಂತು. ಮುಂಗೈ ಮೇಲಿನ ಕಲೆಗಳನ್ನು ತಾವು ಕಂಡದ್ದು ಕಂಡ ಹಾಗೆ ಹೇಳಿದರು. ನೀವು ಕಲ್ಪನೆಯ ಕಥೆ ಬರೆಯುವವರಲ್ಲವೇ ಎಂದು ಎದುರು ವಕೀಲರು ಕೆಣಕಿದರು. ಹೌದು, ಆದ್ದರಿಂದ ಕಲ್ಪನೆ ಯಾವುದು ಎಂದು ನನಗೆ ಗೊತ್ತು ಎಂದರಂತೆ. ಕಳೆದ ವರ್ಷ ವಿಚ್ಛೇದನ ಸಿಕ್ಕಿತು. ಕಾರ್ತಿ ಬೀದಿ ಬಿಟ್ಟು ಹೋದ. ಇದನ್ನು ಬರೆಯಲು ಇಲಕ್ಕಿಯಾ ಒಪ್ಪಿದ್ದು ಆಮೇಲೆಯೇ. ಸಭೆಯಲ್ಲಿ ಕೂತಿದ್ದ ಹಿರಿಯರು ಯಾರೂ ಬಂದು ತಪ್ಪಾಯಿತು ಎಂದಿಲ್ಲ.

ಈಗ ತಂಗಮಣಿ ಮತ್ತೆ ಬರೆಯುತ್ತಾರೆ, ತಮ್ಮದೇ ಹೆಸರಿನಲ್ಲಿ. ಮೊಬೈಲಿನಲ್ಲಿ ಕಥೆ ಕೇಳಿಸುವ ಆ್ಯಪ್ ಒಂದಕ್ಕೆ ವಾರಕ್ಕೊಂದು ಕಂತು. ತಂಗಮಣಿ ಎಂಬುದು ಈ ಕಡೆ ಗಂಡಸರಿಗೂ ಇಡುವ ಹೆಸರಾದ್ದರಿಂದ ಕೇಳುಗರಲ್ಲಿ ಅರ್ಧದಷ್ಟು ಜನ ಈಗಲೂ ಅವರನ್ನು ಸಾರ್ ಎನ್ನುತ್ತಾರೆ. ತಿರುಪ್ಪೂರಿನ ಘಟಕಗಳಲ್ಲಿ ನೂಲಿನ ತುದಿ ಕತ್ತರಿಸುವ ಹೆಂಗಸರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಾರೆಂದು ಇಲಕ್ಕಿಯಾ ಹೇಳುತ್ತಾಳೆ. ಬೀದಿಯ ಕೆಲವು ಗಂಡಂದಿರು ಮಾತ್ರ ತಮ್ಮ ಹೆಂಡತಿಯರು ಅದನ್ನು ಕೇಳಬಾರದೆಂದು ತಡೆದಿದ್ದಾರೆ. ಒಳಗೆ ಏನೇನು ಹೇಳಿಕೊಡುತ್ತಾಳೋ ಎಂಬ ಅನುಮಾನ ಅವರಿಗೆ.

ಮೀನು ತೊಳೆಯಲು ತಂಗಮಣಿ ಒಳಗೆ ಹೋದಾಗ ನಾನು ಮಗ್ಗದ ಪಕ್ಕ ಕೂತು ಲೋಗನಾಥನ್ ಅವರನ್ನು ಕೇಳುತ್ತೇನೆ. ಅಂದು ಸಭೆಯಲ್ಲಿ ಅಂಥ ಸುಳ್ಳು ಹೇಳಿದ್ದೇಕೆ? ಹೆಂಡತಿ ಯಾಕೆ ಕ್ಷಮೆ ಕೇಳುತ್ತಿದ್ದಾಳೆಂದು ಆಗ ನಿಮಗೆ ಗೊತ್ತಿರಲಿಲ್ಲವಲ್ಲ?

ಅವರ ಕಾಲು ಮಗ್ಗದ ಮೆಟ್ಟಿನ ಮೇಲೆಯೇ ನಿಲ್ಲುತ್ತದೆ. ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸುತ್ತಾರೆ. ಆ ದಿನಗಳಲ್ಲಿ ಅವಳು ಫೋನನ್ನು ಬೋರಲು ಇಡಲು ಶುರು ಮಾಡಿದ್ದಳು, ನಾನು ಬಂದರೆ ಮಾತು ನಿಲ್ಲಿಸುತ್ತಿದ್ದಳು ಎನ್ನುತ್ತಾರೆ. ಮುದ್ರಣಾಲಯಕ್ಕೆಂದು ಹೊರಟವಳ ಹಿಂದೆಯೇ ಅವರೂ ಹೊರಟಿದ್ದರು. ತಲೆಗೆ ಟವಲ್ ಸುತ್ತಿ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ತಿರುಪ್ಪೂರಿಗೆ ಹೋದರು. ಯಾವನನ್ನು ನೋಡಬೇಕಾಗುತ್ತದೋ ಎಂಬ ಯೋಚನೆ ದಾರಿಯುದ್ದಕ್ಕೂ. ನೋಡಿದ್ದು ಎದುರುಮನೆಯ ಹುಡುಗಿಯನ್ನು. ಮುಂದಿನ ಬಸ್ಸಿಗೆ ವಾಪಸು ಬಂದು ಮಗ್ಗಕ್ಕೆ ಇಳಿದರು.

"ಇವತ್ತಿನವರೆಗೂ ಅವಳಿಗೆ ಹೇಳಿಲ್ಲ, ಸಾರ್. ಸಂದೇಗಪಟ್ಟು ಹಿಂದೆ ಹೋದೆ ಅಂತ ಹೆಂಗೆ ಹೇಳೋದು?"

ಒಳಗೆ ನೀರಿನ ಸದ್ದು ನಿಂತಿದೆ. ತಂಗಮಣಿ ಒದ್ದೆ ಕೈಯಲ್ಲೇ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಾರೆ.

"ಟವಲ್ ಸುತ್ತಿಕೊಂಡ್ರೆ ಕೆಮ್ಮು ನಿಲ್ಲುತ್ತಾ? ಬಸ್ಸು ಹೊರಟಾಗಿಂದ ಹಿಂದೆ ಕೆಮ್ತಾ ಇದ್ರಿ," ಎಂದು ಅವರು ಗಂಡನಿಗೆ ಹೇಳುತ್ತಾರೆ.

ಗೊತ್ತಿದ್ದರೆ ಇಳಿದು ವಾಪಸು ಯಾಕೆ ಹೋಗಲಿಲ್ಲ ಎಂದು ನಾನು ಕೇಳುತ್ತೇನೆ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಯಾರಿಗೂ ಹೇಳಲ್ಲ ಅಂತ ಆ ಹುಡುಗಿಗೆ ಮಾತು ಕೊಟ್ಟಿದ್ದೆ. ಇವರಿಗೆ ಕಾಣಬಾರದು ಅಂತ ಕೊಟ್ಟಿರಲಿಲ್ಲ."